ಹಕ್ಕು ಮಾರಿದ ಮೇಲೂ ಹೆಸರು ನಿಮ್ಮದೇ: ನೈತಿಕ ಹಕ್ಕು ಉಳಿಸಿಕೊಳ್ಳುವ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ನಾನು ಅನುವಾದ ಮಾಡಿದ ಕತೆಯೊಂದು ಒಂದು ಸಂಕಲನದಲ್ಲಿ ಮತ್ತೆ ಅಚ್ಚಾಯಿತು. ಮೂಲ ಲೇಖಕರ ಹೆಸರಿತ್ತು, ಸಂಪಾದಕರ ಹೆಸರಿತ್ತು. ನನ್ನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಕೇಳಿದ್ದಕ್ಕೆ "ದುಡ್ಡು ಕೊಟ್ಟಾಯ್ತಲ್ಲ, ಇನ್ನೇನು?" ಅಂದರು. ಸಿಟ್ಟಿನಲ್ಲಿ ಎರಡು ಪುಟದ ಪತ್ರ ಬರೆದೆ. ಉತ್ತರವೇ ಬರಲಿಲ್ಲ. ಆಮೇಲೆ ಕೂತು ಓದಿದಾಗ ತಪ್ಪು ಗೊತ್ತಾಯಿತು. ಪತ್ರದ ತುಂಬಾ ನಾನು ಕಾಪಿರೈಟ್ ಬಗ್ಗೆ ಕೂಗಾಡಿದ್ದೆ. ಆ ಕಾಪಿರೈಟನ್ನು ನಾನೇ ಸಹಿ ಹಾಕಿ ಬರೆದುಕೊಟ್ಟಿದ್ದೆ! ನನ್ನ ಕೈಯಲ್ಲಿ ಉಳಿದಿದ್ದ ಹಕ್ಕು ಬೇರೆಯೇ ಇತ್ತು. ಅದರ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

ಹಾಗೆ ಉಳಿಯುವ ಹಕ್ಕಿಗೆ ನೈತಿಕ ಹಕ್ಕು ಅಂತ ಹೆಸರು. ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ನೀತಿಪಾಠಕ್ಕೂ ಇದಕ್ಕೂ ಸಂಬಂಧವಿಲ್ಲ. ಫ್ರೆಂಚ್ ಕಾನೂನಿನ ಮಾತೊಂದು ಬೇರೆ ಬೇರೆ ಭಾಷೆಗೆ ಹೀಗೆ ಇಳಿದಿದೆ ಅಷ್ಟೇ. ಭಾರತದ 1957ರ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ಇದನ್ನು 'ಲೇಖಕರ ವಿಶೇಷ ಹಕ್ಕುಗಳು' ಎಂದು ಕರೆಯುತ್ತದೆ. ಅದೇ ವಾಸಿ ಅನ್ನಿಸುತ್ತದೆ ನನಗೆ. ಕಾಪಿರೈಟ್ ಅಂದರೆ ಕೃತಿಯಿಂದ ಬರುವ ದುಡ್ಡಿನ ಹಕ್ಕು. ಅದನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು. ನೈತಿಕ ಹಕ್ಕು ಕೃತಿಗೂ ಅದನ್ನು ಮಾಡಿದವರಿಗೂ ನಡುವಿನ ನಂಟು. ಅದನ್ನು ಮಾರೋಕೆ ಆಗಲ್ಲ. ಆದರೆ ಕೆಲವು ದೇಶಗಳಲ್ಲಿ ಅದನ್ನು ಬಿಟ್ಟುಕೊಡಬಹುದು. ಯಾಮಾರುವುದು ಅಲ್ಲೇ.

ಮೊದಲ ಹೆಜ್ಜೆ: ನಿಮ್ಮ ದೂರು ಯಾವುದು ಅಂತ ಗುರುತಿಸಿ

'ನನಗೆ ಅನ್ಯಾಯ ಆಗಿದೆ' ಅಂದರೆ ಯಾವ ಕೋರ್ಟೂ ಕೇಳುವುದಿಲ್ಲ. ಯಾವ ಹಕ್ಕಿಗೆ ಪೆಟ್ಟು ಬಿತ್ತು ಅಂತ ಹೇಳಬೇಕು. ಎಲ್ಲ ಕಡೆ ನಡೆಯುವ ಹಕ್ಕುಗಳು ಎರಡು. ಒಂದು, ಹೆಸರಿನ ಹಕ್ಕು: ಕೃತಿ ನಿಮ್ಮದು ಅಂತ ಜನರಿಗೆ ಗೊತ್ತಾಗಬೇಕು. ಇನ್ನೊಂದು, ಕೃತಿಯನ್ನು ಕೆಡಿಸದಂತೆ ತಡೆಯುವ ಹಕ್ಕು. ಕಾಪಿರೈಟ್ ಬಗ್ಗೆ ದೇಶಗಳು ತಮ್ಮತಮ್ಮಲ್ಲಿ ಮಾಡಿಕೊಂಡ ಬರ್ನ್ ಒಪ್ಪಂದ ಆದದ್ದು 1886ರಲ್ಲಿ. ಈ ಎರಡು ಹಕ್ಕುಗಳು ಅದರೊಳಗೆ ಬಂದದ್ದು 1928ರಲ್ಲಿ, ರೋಮ್‌ನಲ್ಲಿ ಒಪ್ಪಂದವನ್ನು ತಿದ್ದಿದಾಗ. ಕಾಪಿರೈಟ್ ಬೇರೆಯವರಿಗೆ ಹೋದ ಮೇಲೂ ಇವು ಲೇಖಕರ ಬಳಿಯೇ ಇರುತ್ತವೆ ಅಂತ ಅದರ 6 ಬಿಸ್ ವಿಧಿ ನೇರವಾಗಿ ಹೇಳುತ್ತದೆ.

ಹೆಸರಿನ ಹಕ್ಕಿನಲ್ಲಿ ಕಾವ್ಯನಾಮವೂ ಸೇರುತ್ತದೆ. ನೀವು ಕಾವ್ಯನಾಮದಲ್ಲಿ ಬರೆದಿದ್ದರೆ ಆ ಹೆಸರೇ ಇರಬೇಕು. ಇದರ ತಿರುವುಮುರುವು ದೂರೂ ಉಂಟು: ನೀವು ಬರೆಯದೇ ಇದ್ದದ್ದಕ್ಕೆ ನಿಮ್ಮ ಹೆಸರು ಹಾಕುವುದು. ಬ್ರಿಟನ್ ಮತ್ತು ಆಸ್ಟ್ರೇಲಿಯಾದಲ್ಲಿ ಅದಕ್ಕೆಂದೇ ಬೇರೆ ಹಕ್ಕಿದೆ.

ಫ್ರಾನ್ಸ್‌ನಲ್ಲಿ ಇನ್ನೂ ಎರಡು ಇವೆ. ಕೃತಿಯನ್ನು ಯಾವಾಗ ಹೊರಗೆ ಬಿಡಬೇಕು ಅಂತ ತೀರ್ಮಾನಿಸುವ ಹಕ್ಕು ಒಂದು. ಬಿಟ್ಟ ಮೇಲೆ ಮನಸ್ಸು ಬದಲಾದರೆ ವಾಪಸ್ ತೆಗೆದುಕೊಳ್ಳುವ ಹಕ್ಕು ಮತ್ತೊಂದು. ಎರಡನೆಯದು ಕೇಳೋಕೆ ಚೆಂದ. ಆದರೆ ಹಕ್ಕು ಕೊಂಡವರಿಗೆ ಆಗುವ ನಷ್ಟವನ್ನು ಮೊದಲೇ ತುಂಬಿಕೊಡಬೇಕು. ಹಾಗಾಗಿ ಅದನ್ನು ನೆಚ್ಚಿಕೊಂಡು ಕೂರಬೇಡಿ.

ಯಾವುದು ನೈತಿಕ ಹಕ್ಕಿನ ದೂರಲ್ಲ ಅನ್ನೋದೂ ಗೊತ್ತಿರಲಿ. ರಾಯಲ್ಟಿ ಬಂದಿಲ್ಲ, ಕೇಳದೆ ಅಚ್ಚು ಹಾಕಿದರು, ಐಡಿಯಾ ಕದ್ದರು: ಇವು ಯಾವುವೂ ಅಲ್ಲ. ವಿಮರ್ಶಕರು ಬೈದರು ಅನ್ನೋದಂತೂ ಅಲ್ಲವೇ ಅಲ್ಲ.

ಎರಡನೇ ಹೆಜ್ಜೆ: ಯಾವ ದೇಶದ ಕಾನೂನು ಅಂತ ನೋಡಿ

ನೀವು ಎಲ್ಲಿ ಹುಟ್ಟಿದಿರಿ, ಪುಸ್ತಕ ಮೊದಲು ಎಲ್ಲಿ ಬಂತು ಅನ್ನೋದು ಇಲ್ಲಿ ಜಾಸ್ತಿ ಲೆಕ್ಕಕ್ಕೆ ಬರಲ್ಲ. ರಕ್ಷಣೆ ಎಲ್ಲಿ ಬೇಕು, ಅಂದರೆ ತಪ್ಪು ಎಲ್ಲಿ ನಡೆಯಿತು, ಸಾಮಾನ್ಯವಾಗಿ ಅಲ್ಲಿನ ಕಾನೂನು.

ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ನಿರ್ದೇಶಕ ಜಾನ್ ಹಸ್ಟನ್ ಅವರ ಪ್ರಕರಣ. ಅವರು 1950ರಲ್ಲಿ ಮಾಡಿದ ಕಪ್ಪು-ಬಿಳುಪು ಸಿನಿಮಾಗೆ ಹಕ್ಕು ಕೊಂಡವರು ಆಮೇಲೆ ಬಣ್ಣ ಹಚ್ಚಿದರು. ಅಮೆರಿಕದಲ್ಲಿ ಅವರನ್ನು ತಡೆಯುವ ದಾರಿ ಇರಲಿಲ್ಲ. ಅದೇ ಬಣ್ಣದ ಪ್ರತಿಯನ್ನು ಫ್ರಾನ್ಸ್‌ನ ಟಿವಿಯಲ್ಲಿ ತೋರಿಸಲು ಹೊರಟಾಗ ಹಸ್ಟನ್ ವಾರಸುದಾರರು ಅಲ್ಲಿ ಕೋರ್ಟಿಗೆ ಹೋದರು. 1991ರಲ್ಲಿ ಫ್ರಾನ್ಸ್‌ನ ಅತ್ಯುನ್ನತ ನ್ಯಾಯಾಲಯ ಅವರ ಪರ ನಿಂತಿತು. ಕೃತಿ ಯಾವ ದೇಶದ್ದೇ ಆಗಲಿ, ಕೃತಿ ಸೃಷ್ಟಿಸಿದವರ ನೈತಿಕ ಹಕ್ಕು ಫ್ರಾನ್ಸ್ ನೆಲದಲ್ಲಿ ನಡೆಯುತ್ತದೆ ಎಂದಿತು. ಅದೇ ಸಿನಿಮಾ, ಅದೇ ಬಣ್ಣ. ಒಂದು ದೇಶದಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು.

ಹಾಗಾಗಿ ದೇಶಗಳ ಸ್ವಭಾವ ಸ್ವಲ್ಪ ತಿಳಿದುಕೊಂಡಿರಬೇಕು.

ಫ್ರಾನ್ಸ್‌ನಲ್ಲಿ ನೈತಿಕ ಹಕ್ಕಿಗೆ ಕೊನೆಯೇ ಇಲ್ಲ. ಮಾರುವಂತಿಲ್ಲ, ಬಿಡುವಂತಿಲ್ಲ, ಲೇಖಕರು ತೀರಿಕೊಂಡ ಮೇಲೆ ವಾರಸುದಾರರಿಗೆ ಹೋಗುತ್ತದೆ. ಜರ್ಮನಿಯೂ ಬಿಗಿಯೇ. ಆದರೆ ಅಲ್ಲಿ ದುಡ್ಡಿನ ಹಕ್ಕು, ನೈತಿಕ ಹಕ್ಕು ಒಂದೇ ಮರದ ಎರಡು ಕೊಂಬೆ. ಲೇಖಕರು ತೀರಿಕೊಂಡು 70 ವರ್ಷ ಆದ ಮೇಲೆ ಎರಡೂ ಒಟ್ಟಿಗೆ ಮುಗಿಯುತ್ತವೆ.

ಬ್ರಿಟನ್ನಿನದು ಬೇರೆಯೇ ಕತೆ. 1988ರ ಕಾಯ್ದೆಯಲ್ಲಿ ಹೆಸರಿನ ಹಕ್ಕು ಇದೆ, ಆದರೆ ಅದು ತಾನಾಗಿ ಬರುವುದಿಲ್ಲ. 'ಈ ಹಕ್ಕು ನನಗೆ ಬೇಕು' ಅಂತ ನೀವು ಬರೆದು ಹೇಳಬೇಕು. ಅಲ್ಲಿ ಅಚ್ಚಾದ ಯಾವುದೇ ಕಾದಂಬರಿಯ ಶುರುವಿನ ಪುಟ ತೆಗೆದು ನೋಡಿ. 'ಈ ಕೃತಿಯ ಲೇಖಕರಾಗಿ ಗುರುತಿಸಿಕೊಳ್ಳುವ ಹಕ್ಕನ್ನು ಇಂಥವರು ಘೋಷಿಸಿದ್ದಾರೆ' ಅಂತ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಸುಮ್ನೆ ಅಲಂಕಾರಕ್ಕೆ ಹಾಕಿದ ಸಾಲಲ್ಲ ಅದು. ಅಲ್ಲಿನ ಪ್ರಕಾಶಕರ ಜೊತೆ ಕರಾರು ಮಾಡಿಕೊಳ್ಳುವಾಗ ಅದು ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಸೇರಿಸಲು ಹೇಳಿ. ಇನ್ನೊಂದು ಮಾತು: ಪತ್ರಿಕೆ, ನಿಯತಕಾಲಿಕಕ್ಕೆ ಅಂತಲೇ ಬರೆದ ಲೇಖನಗಳಿಗೆ ಬ್ರಿಟನ್‌ನಲ್ಲಿ ಈ ಹಕ್ಕು ಇಲ್ಲ. ಕಂಪ್ಯೂಟರ್ ಪ್ರೋಗ್ರಾಂಗಳಿಗೂ ಇಲ್ಲ.

ಅಮೆರಿಕ 1989ರಲ್ಲಿ ಬರ್ನ್ ಒಪ್ಪಂದಕ್ಕೆ ಸೇರಿತು. ಮರುವರ್ಷ ಒಂದು ಕಾಯ್ದೆ ಮಾಡಿತು. ಅದು ಕಾಯುವುದು ಚಿತ್ರ, ಶಿಲ್ಪ, ಪ್ರದರ್ಶನಕ್ಕೆ ಅಂತಲೇ ತೆಗೆದ ಛಾಯಾಚಿತ್ರ ಇಂಥವನ್ನು ಮಾತ್ರ. ಅದೂ ಒಂದೇ ಪ್ರತಿ ಇರಬೇಕು, ಇಲ್ಲವೇ ಸಹಿ ಮತ್ತು ಸಂಖ್ಯೆ ಹಾಕಿದ 200ಕ್ಕಿಂತ ಹೆಚ್ಚಿಲ್ಲದ ಪ್ರತಿಗಳಿರಬೇಕು. ಕಾದಂಬರಿ ಬರೆದವರಿಗೆ ಅದರಲ್ಲಿ ಏನೂ ಇಲ್ಲ. ಹಾಗಂತ ಕೈಚೆಲ್ಲಬೇಕಿಲ್ಲ. ಕಳ್ಳತನ ಮುಚ್ಚಿಡಲು ಅಂತ ಕೃತಿಯ ಮೇಲಿನ ಲೇಖಕರ ಹೆಸರು, ಕಾಪಿರೈಟ್ ವಿವರಗಳನ್ನು ಗೊತ್ತಿದ್ದೂ ಅಳಿಸಿದರೆ ಅಲ್ಲಿನ 1202ನೇ ಸೆಕ್ಷನ್ ಕೆಲಸಕ್ಕೆ ಬರುತ್ತದೆ. ಒಂದೊಂದು ತಪ್ಪಿಗೂ 2,500ರಿಂದ 25,000 ಡಾಲರ್‌ವರೆಗೆ ಪರಿಹಾರ ಕೇಳಬಹುದು. ಫೋಟೋದ ಮೂಲೆಯ ಹೆಸರನ್ನು ಕತ್ತರಿಸಿ ಹಾಕಿಕೊಳ್ಳುವವರ ಮೇಲೆ ಛಾಯಾಗ್ರಾಹಕರು ಬಳಸುವುದು ಇದನ್ನೇ.

ಭಾರತದಲ್ಲಿ ಎಲ್ಲ ಬಗೆಯ ಕೃತಿಗಳಿಗೂ 57ನೇ ಸೆಕ್ಷನ್ ಇದೆ. ನೋಂದಣಿ ಬೇಡ, ಘೋಷಣೆಯೂ ಬೇಡ. ಕೃತಿ ಕೆಡಿಸದಂತೆ ತಡೆಯುವ ಹಕ್ಕು ಮೊದಲು ಕಾಪಿರೈಟ್ ಅವಧಿಯವರೆಗೆ ಮಾತ್ರ ಇತ್ತು. 2012ರ ತಿದ್ದುಪಡಿ ಆ ಮಿತಿಯನ್ನು ತೆಗೆದುಹಾಕಿತು. ಚೀನಾದಲ್ಲೂ ಹೆಸರು, ತಿದ್ದುಪಡಿ, ಕೃತಿಯ ಅಖಂಡತೆಯ ಹಕ್ಕುಗಳಿಗೆ ಕಾಲಮಿತಿ ಇಲ್ಲ.

ಬೌದ್ಧಿಕ ಆಸ್ತಿಯ ಬಗ್ಗೆ ಇರುವ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ ನೈತಿಕ ಹಕ್ಕನ್ನು ಬೇಕಂತಲೇ ಹೊರಗಿಟ್ಟಿದೆ. ಅಂದರೆ, ಒಂದು ದೇಶ ಈ ಹಕ್ಕನ್ನು ಸರಿಯಾಗಿ ಕಾಯದಿದ್ದರೆ ಆ ಸಂಸ್ಥೆಯ ಮುಂದೆ ಯಾರೂ ದೂರು ಕೊಡುವಂತಿಲ್ಲ. ದೇಶದಿಂದ ದೇಶಕ್ಕೆ ಇಷ್ಟು ವ್ಯತ್ಯಾಸ ಉಳಿದಿರುವುದಕ್ಕೆ ಇದೂ ಒಂದು ಕಾರಣ.

ಮೂರನೇ ಹೆಜ್ಜೆ: ಕರಾರಿನಲ್ಲಿ ಆ ಒಂದು ಸಾಲು ಹುಡುಕಿ

ಈ ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ. ನನ್ನ ಪ್ರಕಾರ ಹೆಚ್ಚಿನವರು ಹಕ್ಕು ಕಳೆದುಕೊಳ್ಳುವುದು ಕೋರ್ಟಿನಲ್ಲಲ್ಲ, ಸಹಿ ಹಾಕುವ ಮೇಜಿನ ಮೇಲೆ.

ಆ ಸಾಲು ಸಾಮಾನ್ಯವಾಗಿ ಕರಾರಿನ ಕೊನೆಕೊನೆಗೆ, ಓದುವವರಿಗೆ ಸುಸ್ತಾದ ಮೇಲೆ ಬರುತ್ತದೆ. ಹೆಚ್ಚುಕಮ್ಮಿ ಹೀಗಿರುತ್ತದೆ: 'ಲೇಖಕರು ಈ ಕೃತಿಯಲ್ಲಿ ತಮಗಿರುವ ಎಲ್ಲ ನೈತಿಕ ಹಕ್ಕುಗಳನ್ನು, ಜಗತ್ತಿನಾದ್ಯಂತ, ಹಿಂತೆಗೆದುಕೊಳ್ಳಲಾಗದಂತೆ ಬಿಟ್ಟುಕೊಡುತ್ತಾರೆ.' 'ಎಲ್ಲ', 'ಜಗತ್ತಿನಾದ್ಯಂತ', 'ಹಿಂತೆಗೆದುಕೊಳ್ಳಲಾಗದಂತೆ': ಈ ಮೂರು ಪದಗಳಿಗೂ ಪೆನ್ಸಿಲ್‌ನಲ್ಲಿ ಗೆರೆ ಹಾಕಿ.

ಈ ಸಾಲಿಗೆ ಎಷ್ಟು ಬೆಲೆ ಅನ್ನೋದು ಮತ್ತೆ ದೇಶಕ್ಕೆ ಬಿಟ್ಟದ್ದು. ಫ್ರಾನ್ಸ್‌ನಲ್ಲಿ ಅದಕ್ಕೆ ಬೆಲೆ ಇಲ್ಲ. ಬ್ರಿಟನ್, ಕೆನಡಾದಲ್ಲಿ ಪೂರ್ತಿ ಬೆಲೆ ಇದೆ. ಕೆನಡಾದಲ್ಲಿ ಒಂದು ಸಮಾಧಾನ ಅಂದರೆ, ಕಾಪಿರೈಟ್ ಬರೆದುಕೊಟ್ಟ ಮಾತ್ರಕ್ಕೆ ನೈತಿಕ ಹಕ್ಕು ಬಿಟ್ಟಂತೆ ಆಗುವುದಿಲ್ಲ. ಅದನ್ನು ಬೇರೆಯಾಗಿಯೇ ಬಿಟ್ಟಿರಬೇಕು. ಅಮೆರಿಕದಲ್ಲಿ ಕಲಾವಿದರು ಬಿಟ್ಟುಕೊಡುವುದಾದರೆ ಯಾವ ಕೃತಿ, ಯಾವ ಬಳಕೆಗೆ ಅಂತ ಬರೆದು ಸಹಿ ಮಾಡಬೇಕು. 'ಎಲ್ಲವೂ' ಅನ್ನೋ ಸಾರಾಸಗಟು ಸಾಲು ಅಲ್ಲಿ ಸಾಲದು. ಆದರೆ ಅದೇ ಕಾನೂನಿನಲ್ಲಿ ಒಂದು ಗುಂಡಿಯೂ ಇದೆ. ಇಬ್ಬರು ಸೇರಿ ಒಂದು ಚಿತ್ರ ಬರೆದಿದ್ದರೆ, ಒಬ್ಬರು ಸಹಿ ಹಾಕಿ ಬಿಟ್ಟುಕೊಟ್ಟರೂ ಇಬ್ಬರ ಹಕ್ಕೂ ಹೋಯಿತು! ಜೊತೆಗಾರರ ಜೊತೆ ಮೊದಲೇ ಒಂದು ಕಾಗದ ಮಾಡಿಕೊಳ್ಳಿ.

ಜಪಾನಿನಲ್ಲಿ ಈ ಹಕ್ಕು ಮಾರುವಂತಿಲ್ಲ. ಅದಕ್ಕೆ ಅಲ್ಲಿನ ಕರಾರುಗಳಲ್ಲಿ 'ಲೇಖಕರು ತಮ್ಮ ನೈತಿಕ ಹಕ್ಕನ್ನು ಚಲಾಯಿಸುವುದಿಲ್ಲ' ಅಂತ ಬರೆಸಿಕೊಳ್ಳುವ ರೂಢಿ ಇದೆ. ಹಕ್ಕು ನಿಮ್ಮದೇ, ಬಳಸೋ ಹಾಗಿಲ್ಲ ಅಷ್ಟೇ. ಭಾರತದ 57ನೇ ಸೆಕ್ಷನ್‌ನಲ್ಲಿ ಬಿಟ್ಟುಕೊಡುವ ಬಗ್ಗೆ ಒಂದು ಮಾತೂ ಇಲ್ಲ. ಹಾಗಾಗಿ 'ಈ ಸಾಲು ಇಲ್ಲಿ ನಡೆಯಲ್ಲ ಬಿಡಿ' ಅಂತ ಯಾರಾದರೂ ಹೇಳಿದರೆ ನಂಬಿ ಸಹಿ ಹಾಕಬೇಡಿ. ನಡೆಯಲ್ಲ ಅನ್ನೋದಾದರೆ ತೆಗೆದುಹಾಕಲು ಅವರಿಗೇನು ಕಷ್ಟ, ಅಲ್ವಾ?

ತೆಗೆಯಲು ಒಪ್ಪದಿದ್ದರೆ ಕಿರಿದು ಮಾಡಿಸಿ. ನಾನು ಬಳಸುವ ಸಾಲು ಹೀಗಿದೆ: 'ಉದ್ದ ಕಡಿಮೆ ಮಾಡುವ ಸಂಪಾದನೆ, ಕಾಗುಣಿತ ತಿದ್ದುವುದು, ಪುಟ ವಿನ್ಯಾಸದ ಬದಲಾವಣೆಗಳಿಗೆ ಲೇಖಕರು ಆಕ್ಷೇಪಿಸುವುದಿಲ್ಲ. ಅರ್ಥ ಬದಲಿಸುವ ಯಾವುದೇ ತಿದ್ದುಪಡಿಗೆ ಲೇಖಕರ ಲಿಖಿತ ಒಪ್ಪಿಗೆ ಬೇಕು. ಎಲ್ಲ ರೂಪದ ಪ್ರಕಟಣೆಗಳಲ್ಲೂ ಲೇಖಕರ ಹೆಸರು ಇರಬೇಕು.' ಪ್ರಕಾಶಕರಿಗೆ ನಿಜವಾಗಿ ಬೇಕಿರುವುದು ಮೊದಲ ವಾಕ್ಯ. ಅದನ್ನು ಕೊಟ್ಟರೆ ಉಳಿದ ಎರಡಕ್ಕೆ ಹೆಚ್ಚಿನವರು ಜಗಳ ಆಡುವುದಿಲ್ಲ.

ಬೇರೆಯವರು ಪುಕ್ಕಟೆ ಬಳಸಿಕೊಳ್ಳಲಿ ಅಂತ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬರಹ ಬಿಡುವವರು ಗಮನಿಸಿ. 4.0 ಆವೃತ್ತಿಯಲ್ಲಿ, ಪರವಾನಗಿ ಕೊಟ್ಟ ಬಳಕೆಗೆ ಎಷ್ಟು ಬೇಕೋ ಅಷ್ಟರ ಮಟ್ಟಿಗೆ ನೈತಿಕ ಹಕ್ಕು ಚಲಾಯಿಸುವುದಿಲ್ಲ ಅಂತ ನೀವು ಒಪ್ಪಿರುತ್ತೀರಿ. ಆದರೆ ಯಾರಾದರೂ ನಿಮ್ಮ ಕೃತಿಯನ್ನು ನಿಮಗೆ ಮುಜುಗರ ಆಗುವ ಹಾಗೆ ಬದಲಿಸಿದರೆ, 'ನನ್ನ ಹೆಸರು ತೆಗೆಯಿರಿ' ಅಂತ ಕೇಳಬಹುದು. ಆಗ ಅವರು ಆದಷ್ಟು ಮಟ್ಟಿಗೆ ತೆಗೆಯಲೇಬೇಕು.

ನಾಲ್ಕನೇ ಹೆಜ್ಜೆ: 'ಕೆಡಿಸಿದರು' ಅನ್ನೋದನ್ನು ತೂಗಿ ನೋಡಿ

ಹೆಸರು ಬಿಟ್ಟದ್ದನ್ನು ತೋರಿಸುವುದು ಸುಲಭ. ಪುಟ ತೆಗೆದರೆ ಸಾಕು. ಕೃತಿ ಕೆಟ್ಟಿದೆ ಅಂತ ತೋರಿಸುವುದು ಕಷ್ಟ. ನಿಮಗೆ ಬೇಜಾರಾಗಿದೆ ಅನ್ನೋದಷ್ಟೇ ಹೆಚ್ಚಿನ ಕಡೆ ಸಾಲದು. ಬರ್ನ್ ಒಪ್ಪಂದದ ಅಳತೆಗೋಲು 'ಗೌರವ ಅಥವಾ ಹೆಸರಿಗೆ ಧಕ್ಕೆ'. 1994ರಿಂದ ಭಾರತದ ಕಾನೂನಿನಲ್ಲೂ ಅದೇ ಇದೆ. ಜಪಾನಿನಲ್ಲಾದರೆ ಲೇಖಕರ ಮನಸ್ಸಿಗೆ ವಿರುದ್ಧವಾಗಿ ಬದಲಿಸಿದರೇ ಸಾಕು, ಕೆಲವು ವಿನಾಯಿತಿಗಳನ್ನು ಬಿಟ್ಟು.

ಕೆನಡಾದ ಟೊರಾಂಟೊದಲ್ಲಿ ಈಟನ್ ಸೆಂಟರ್ ಅನ್ನೋ ದೊಡ್ಡ ಮಳಿಗೆ ಇದೆ. ಅದರ ಚಾವಣಿಗೆ ಕಲಾವಿದ ಮೈಕಲ್ ಸ್ನೋ 60 ಹೆಬ್ಬಾತುಗಳು ಹಾರುತ್ತಿರುವ ಶಿಲ್ಪ ಮಾಡಿಕೊಟ್ಟಿದ್ದರು. ಕ್ರಿಸ್‌ಮಸ್ ಬಂತು ಅಂತ ಮಳಿಗೆಯವರು ಹಕ್ಕಿಗಳ ಕುತ್ತಿಗೆಗೆ ಕೆಂಪು ರಿಬ್ಬನ್ ಕಟ್ಟಿದರು. ಶಿಲ್ಪಕ್ಕೆ ಒಂದು ಗೀರೂ ಬಿದ್ದಿರಲಿಲ್ಲ, ಬಿಚ್ಚಿದರೆ ಮೊದಲಿನ ಹಾಗೇ ಇರುತ್ತಿತ್ತು. ಆದರೂ 1982ರಲ್ಲಿ ಕೋರ್ಟ್ ರಿಬ್ಬನ್ ಬಿಚ್ಚಿಸಿತು. ಗೆಲ್ಲಿಸಿದ್ದು ಸ್ನೋ ಅವರ ಸಿಟ್ಟೊಂದೇ ಅಲ್ಲ. ಬೇರೆ ಗೌರವಾನ್ವಿತ ಕಲಾವಿದರು, ತಿಳಿದವರು ಅವರ ಮಾತನ್ನು ಒಪ್ಪಿದ್ದರು. ನೀವೂ ಹಾಗೇ ಮಾಡಿ. ನಿಮ್ಮ ಕ್ಷೇತ್ರದ ಇಬ್ಬರು ಮೂವರಿಗೆ ಮೂಲವನ್ನೂ ಬದಲಾದದ್ದನ್ನೂ ಕೊಟ್ಟು ಅಭಿಪ್ರಾಯ ಬರೆಸಿಕೊಳ್ಳಿ. ನೆಂಟರಿಷ್ಟರು ಬೇಡ.

ಕೆಡಿಸುವುದು ಒಂದು, ಪೂರ್ತಿ ನಾಶ ಮಾಡುವುದು ಇನ್ನೊಂದು. ಇಲ್ಲಿ ತೀರ್ಪುಗಳು ಒಂದು ದಿಕ್ಕಿಗೆ ಹೋಗಿಲ್ಲ. ದೆಹಲಿಯ ವಿಜ್ಞಾನ ಭವನದಲ್ಲಿ ಅಮರನಾಥ್ ಸೆಹಗಲ್ ಅವರು ಮಾಡಿದ್ದ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಳಚಿ ಉಗ್ರಾಣಕ್ಕೆ ಹಾಕಿದ್ದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ತುಂಡುಗಳನ್ನು ಕಲಾವಿದರಿಗೆ ವಾಪಸ್ ಕೊಡಿಸಿತು. ಜೊತೆಗೆ 5 ಲಕ್ಷ ರೂಪಾಯಿ ಪರಿಹಾರ. ಅದೇ ಹೈಕೋರ್ಟ್ 2019ರಲ್ಲಿ ವಾಸ್ತುಶಿಲ್ಪಿ ರಾಜ್ ರೇವಾಲ್ ಅವರ ದಾವೆಯನ್ನು ತಳ್ಳಿಹಾಕಿತು. ಪ್ರಗತಿ ಮೈದಾನದಲ್ಲಿ ಅವರು ವಿನ್ಯಾಸ ಮಾಡಿದ್ದ ಹಾಲ್ ಆಫ್ ನೇಷನ್ಸ್ ಕಟ್ಟಡವನ್ನು 2017ರಲ್ಲಿ ಕೆಡವಲಾಗಿತ್ತು. ತನ್ನ ಜಾಗದಲ್ಲಿನ ಕಟ್ಟಡವನ್ನು ಪೂರ್ತಿ ಕೆಡವುವ ಮಾಲೀಕರ ಹಕ್ಕನ್ನು ವಾಸ್ತುಶಿಲ್ಪಿ ತಡೆಯಲಾಗದು ಅಂತ ಕೋರ್ಟ್ ಹೇಳಿತು. ಅರ್ಧ ಕೆಡಿಸಿದರೆ ತಪ್ಪು, ಪೂರ್ತಿ ಬೀಳಿಸಿದರೆ ತಪ್ಪಲ್ಲ ಅನ್ನೋದು ವಿಚಿತ್ರವಾಗಿ ಕೇಳಿಸುತ್ತದೆ. ಆದರೆ ಕಟ್ಟಡಗಳ ವಿಷಯದಲ್ಲಿ ಇದನ್ನು ಗಮನದಲ್ಲಿ ಇಟ್ಟುಕೊಂಡೇ ಮುಂದೆ ಹೋಗಬೇಕು.

ಅಮೆರಿಕದ ನ್ಯೂಯಾರ್ಕ್‌ನಲ್ಲಿ '5 ಪಾಯಿಂಟ್ಸ್' ಎಂಬಲ್ಲಿ ಗೋಡೆ ಚಿತ್ರಗಳ ಮೇಲೆ ಮಾಲೀಕರು 2013ರಲ್ಲಿ ರಾತ್ರೋರಾತ್ರಿ ಸುಣ್ಣ ಬಳಿಸಿದರು. ಕಲಾವಿದರಿಗೆ ಒಟ್ಟು 67.5 ಲಕ್ಷ ಡಾಲರ್ ಪರಿಹಾರ ಸಿಕ್ಕಿತು. 45 ಚಿತ್ರಗಳು, ಒಂದಕ್ಕೆ 1.5 ಲಕ್ಷ ಡಾಲರ್. ಅಲ್ಲಿನ ಕಾನೂನು, ತೆಗೆಯಬಹುದಾದ ಚಿತ್ರಗಳಿಗೆ 90 ದಿನದ ನೋಟಿಸ್ ಕೊಡಿ ಅನ್ನುತ್ತದೆ. ಕಾದಿದ್ದರೆ ಮಾಲೀಕರಿಗೆ ಇಷ್ಟು ಖರ್ಚೇ ಆಗುತ್ತಿರಲಿಲ್ಲವೇನೋ.

ಹಾಡುವವರು, ನುಡಿಸುವವರು, ನಟಿಸುವವರು

ಪ್ರದರ್ಶಕರಿಗೆ ಈ ಹಕ್ಕು ಬಂದದ್ದು ತಡವಾಗಿ. ಪ್ರದರ್ಶನ ಮತ್ತು ಧ್ವನಿಮುದ್ರಣಗಳ ಬಗ್ಗೆ ದೇಶಗಳು ಮಾಡಿಕೊಂಡ 1996ರ ಡಬ್ಲ್ಯುಪಿಪಿಟಿ ಒಪ್ಪಂದ ಧ್ವನಿಯ ಪ್ರದರ್ಶನಗಳಿಗೆ ಮಾತ್ರ ಕೊಟ್ಟಿತು. ಅಂದರೆ ವೇದಿಕೆಯ ಹಾಡು ಮತ್ತು ಧ್ವನಿಮುದ್ರಣ. ಪರದೆಯ ಮೇಲಿನ ನಟನೆ ಸೇರಿದ್ದು 2012ರ ಬೀಜಿಂಗ್ ಒಪ್ಪಂದದಲ್ಲಿ. ಅದು ಜಾರಿಗೆ ಬರಲು 2020ರ ಏಪ್ರಿಲ್ ಆಯಿತು. ಬ್ರಿಟನ್ 2006ರಲ್ಲಿ, ಭಾರತ 2012ರಲ್ಲಿ ಪ್ರದರ್ಶಕರ ನೈತಿಕ ಹಕ್ಕನ್ನು ತಮ್ಮ ಕಾಯ್ದೆಗೆ ಸೇರಿಸಿದವು.

ಭಾರತದ 38ಬಿ ಸೆಕ್ಷನ್ನಿಗೆ ಒಂದು ವಿವರಣೆ ಇದೆ. ಎಡಿಟಿಂಗ್‌ಗಾಗಿ, ಇಂತಿಷ್ಟೇ ಅವಧಿಗೆ ಹೊಂದಿಸಲು, ಅಥವಾ ತಾಂತ್ರಿಕ ಕಾರಣಕ್ಕೆ ಪ್ರದರ್ಶನದ ಭಾಗ ತೆಗೆದರೆ ಅದನ್ನೇ ಧಕ್ಕೆ ಅನ್ನಲಾಗದು. 'ನನ್ನ ಆಲಾಪನೆ ಎರಡು ನಿಮಿಷ ಕತ್ತರಿಸಿದರು' ಅಂತ ದೂರಿದರೆ ಉಪಯೋಗವಿಲ್ಲ. ನೀವು ಹಾಡದ ಸಾಲನ್ನು ನಿಮ್ಮ ಧ್ವನಿಮುದ್ರಣದೊಳಗೆ ಕೂಡಿಸಿದರೆ ಅದು ಬೇರೆ ಮಾತು. ಆಸ್ಟ್ರೇಲಿಯಾದಲ್ಲಿ ರ‍್ಯಾಪರ್ ಪಿಟ್‌ಬುಲ್ ಹಾಡಿನ ಶುರುವಿಗೆ ಒಬ್ಬ ಡಿಜೆ ತನ್ನ ಹೆಸರು ಬರುವ ಧ್ವನಿ ತುಣುಕನ್ನು ಸೇರಿಸಿದ್ದ. ಆ ಧ್ವನಿಯೂ ಪಿಟ್‌ಬುಲ್‌ದೇ, ಬೇರೆ ಕಾರಣಕ್ಕೆ ಹೇಳಿದ್ದು. ಹಾಡಿನ ಕರ್ತೃವಾಗಿ ಅವರ ಹೆಸರಿಗೆ ಧಕ್ಕೆ ಆಯಿತು ಅಂತ 2012ರಲ್ಲಿ ಕೋರ್ಟ್ 10,000 ಆಸ್ಟ್ರೇಲಿಯನ್ ಡಾಲರ್ ಕೊಡಿಸಿತು.

ನಿಮ್ಮ ಧ್ವನಿಯನ್ನು ಯಾರೋ ಅನುಕರಣೆ ಮಾಡಿದರೆ, ಯಂತ್ರದಿಂದಲೇ ಮಾಡಲಿ, ಈ ಹಕ್ಕು ಅಲ್ಲಿಗೆ ನೇರವಾಗಿ ತಲುಪುವುದಿಲ್ಲ. ಇದು ಕಾಯುವುದು ನೀವು ಕೊಟ್ಟ ಪ್ರದರ್ಶನವನ್ನು, ನಿಮ್ಮ ಕಂಠವನ್ನಲ್ಲ. ಅದಕ್ಕೆ ವ್ಯಕ್ತಿತ್ವದ ಹಕ್ಕಿನ, ಅಂದರೆ ನಿಮ್ಮ ಹೆಸರು, ಮುಖ, ದನಿಯ ಮೇಲೆ ನಿಮಗಿರುವ ಹಕ್ಕಿನ, ದಾರಿ ಹಿಡಿಯಬೇಕು.

ಕೊನೆಯ ಹೆಜ್ಜೆ: ಪುರಾವೆ, ಪತ್ರ, ಆಮೇಲೆ ವಕೀಲರು

ಪತ್ರ ಬರೆಯುವ ಮೊದಲೇ ಪುರಾವೆ ಕೂಡಿಡಿ. ಪತ್ರ ತಲುಪಿದ ಮರುಕ್ಷಣ ಪುಟ ಮಾಯ ಆಗಬಹುದು. ತಪ್ಪಿರುವ ಪುಟದ ಚಿತ್ರ, ಅದರ ವಿಳಾಸ, ತಾರೀಖು, ಅಚ್ಚಾದ ಪುಸ್ತಕವಾದರೆ ದುಡ್ಡು ಕೊಟ್ಟು ಕೊಂಡ ಒಂದು ಪ್ರತಿ ಮತ್ತು ರಸೀದಿ, ನಿಮ್ಮ ಮೊದಲ ಪ್ರಕಟಣೆ, ಕರಡು ಕಳಿಸಿದ ಇಮೇಲ್, ಕರಾರು. ಇಷ್ಟು ಒಂದು ಕಡೆ ಇರಲಿ.

ನನ್ನ ಎರಡನೇ ಪತ್ರ ಅರ್ಧ ಪುಟವೂ ಇರಲಿಲ್ಲ:

'ನಿಮ್ಮ ಸಂಕಲನದಲ್ಲಿರುವ ಈ ಕತೆಯ ಅನುವಾದ ನನ್ನದು. ಮೊದಲ ಪ್ರಕಟಣೆಯ ಪುಟ ಲಗತ್ತಿಸಿದ್ದೇನೆ. ಈ ಮುದ್ರಣದಲ್ಲಿ ಅನುವಾದಕನ ಹೆಸರು ಬಿಟ್ಟುಹೋಗಿದೆ. ಕಾಪಿರೈಟ್ ನಿಮಗೆ ಬರೆದುಕೊಟ್ಟಿದ್ದರೂ ಕರ್ತೃವಾಗಿ ಗುರುತಿಸಿಕೊಳ್ಳುವ ಹಕ್ಕು ನನ್ನಲ್ಲೇ ಇದೆ. ಇ-ಪುಸ್ತಕದಲ್ಲಿ 15 ದಿನದೊಳಗೆ ಹೆಸರು ಸೇರಿಸಿ. ಮಾರಾಟವಾಗದ ಪ್ರತಿಗಳಿಗೆ ತಿದ್ದುಪಡಿ ಚೀಟಿ ಹಾಕಿ. ಮುಂದಿನ ಮುದ್ರಣದಲ್ಲಿ ಸರಿಪಡಿಸಿ. ಸರಿಪಡಿಸಿದ ಪುಟವನ್ನು ನನಗೆ ಕಳಿಸಿ.'

ಬೈಗುಳ ಇಲ್ಲ, ದುಡ್ಡಿನ ಮಾತಿಲ್ಲ. ಏನು ಮಾಡಬೇಕು, ಎಷ್ಟು ದಿನದಲ್ಲಿ ಅಂತ ಮಾತ್ರ ಇದೆ. ಹತ್ತು ದಿನದಲ್ಲಿ ಉತ್ತರ ಬಂತು.

ಉತ್ತರ ಬರದಿದ್ದರೆ ವಕೀಲರ ನೋಟಿಸ್. ಅದಕ್ಕೂ ಜಗ್ಗದಿದ್ದರೆ ದಾವೆ. ಕೋರ್ಟಿನಲ್ಲಿ ಎರಡು ಕೇಳಬಹುದು: ತಡೆಯಾಜ್ಞೆ ಮತ್ತು ಪರಿಹಾರ. ಪುಸ್ತಕ ಇನ್ನೂ ಅಚ್ಚಿನಲ್ಲಿದ್ದರೆ, ಸಿನಿಮಾ ಇನ್ನೂ ತೆರೆಗೆ ಬಂದಿಲ್ಲದಿದ್ದರೆ ತಡೆಯಾಜ್ಞೆಗೆ ತಡ ಮಾಡಬೇಡಿ. ವಕೀಲರನ್ನು ನೋಡಲು ಹೋಗುವಾಗ ತಪ್ಪು ನಡೆದ ದೇಶ ಬೇರೆಯಾಗಿದ್ದರೆ ಅದನ್ನು ಮೊದಲ ಮಾತಿನಲ್ಲೇ ಹೇಳಿ. ಅಲ್ಲಿನ ವಕೀಲರೇ ಬೇಕಾಗಬಹುದು, ಖರ್ಚಿನ ಲೆಕ್ಕವೂ ಬದಲಾಗುತ್ತದೆ.

ಲೇಖಕರು ತೀರಿಕೊಂಡಿದ್ದರೆ ಮನೆಯವರು ಮುಂದುವರಿಸಬಹುದಾ ಅನ್ನೋದನ್ನು ಮೊದಲು ನೋಡಿ. ಭಾರತದಲ್ಲಿ ಕಾನೂನುಬದ್ಧ ಪ್ರತಿನಿಧಿಗಳು ಮುಂದುವರಿಸಬಹುದು. ಅಮೆರಿಕದ ಕಾಯ್ದೆಯಲ್ಲಿ, 1991ರ ಜೂನ್ 1ರ ನಂತರ ಮಾಡಿದ ಕೃತಿಗಳ ಹಕ್ಕು ಕಲಾವಿದರ ಜೀವದ ಜೊತೆಗೇ ಮುಗಿಯುತ್ತದೆ. ವಾರಸುದಾರರ ಪೈಕಿ ಯಾರು ಮಾತಾಡಬೇಕು ಅಂತ ಉಯಿಲಿನಲ್ಲಿ ಒಬ್ಬರ ಹೆಸರು ಬರೆದಿಟ್ಟರೆ ಆಮೇಲೆ ಅಣ್ಣತಮ್ಮಂದಿರು ಪ್ರಕಾಶಕರಿಗೆ ಬೇರೆ ಬೇರೆ ಪತ್ರ ಬರೆಯುವುದು ತಪ್ಪುತ್ತದೆ.

ಎದುರಿನವರು ಒಪ್ಪಿಕೊಂಡರೂ ಬಾಯಿಮಾತಿಗೆ ಬಿಡಬೇಡಿ. ಏನೇನು ಸರಿಪಡಿಸುತ್ತಾರೆ, ಯಾವ ದಿನದೊಳಗೆ ಅಂತ ಇಮೇಲ್‌ನಲ್ಲಾದರೂ ಬರೆಸಿಕೊಳ್ಳಿ. 'ಲೇಖಕರಿಗೆ ಇನ್ನು ಯಾವ ತಕರಾರೂ ಇಲ್ಲ' ಅನ್ನೋ ಸಾಲನ್ನು ಅದರಲ್ಲಿ ತುರುಕಿದ್ದರೆ, 'ಈ ಮುದ್ರಣದ ಮಟ್ಟಿಗೆ' ಅಂತ ಸೇರಿಸಿ. ಆರು ತಿಂಗಳು ಬಿಟ್ಟು ಹೊಸ ಮುದ್ರಣ, ಇ-ಪುಸ್ತಕ, ಆಡಿಯೊ ಪುಸ್ತಕ ಮೂರನ್ನೂ ತೆರೆದು ನೋಡಿ. ನನ್ನ ಹೆಸರು ಅಚ್ಚಿನ ಪುಸ್ತಕದಲ್ಲಿ ಸರಿಯಾಗಿ ಬಂದಿತ್ತು. ಇ-ಪುಸ್ತಕದಲ್ಲಿ ಹಳೆಯ ಫೈಲೇ ಇತ್ತು, ಇನ್ನೊಂದು ಇಮೇಲ್ ಹಾಕಬೇಕಾಯಿತು.